ಔಷಧದ ಬೆಲೆಯನ್ನು ತೆರಬೇಕಾದವರು ಯಾರು?

ಪೀತಾಂಬರ ದುಬಾರಿಯಾದರೆ ಬಡವನು ಪಂಚೆಯನ್ನುಟ್ಟು ತೃಪ್ತನಾಗಬಹುದು. ಔಷಧವು ದುಬಾರಿಯಾದರೆ ಅವನು ಬಿಡಬೇಕಾದುದು ಪ್ರಾಣವನ್ನೇ. ಆದರೂ ಬೆಲೆಯನ್ನು ತಗ್ಗಿಸಬೇಕೆಂದೊಡನೆ ಆಕ್ಷೇಪವೊಂದು ಏಳುವುದು: ಲಾಭವಿಲ್ಲದಿದ್ದರೆ ಹೊಸ ಮದ್ದನ್ನು ಹುಡುಕುವವರಾರು? ಈ ಆಕ್ಷೇಪವು ಹುರುಳಿಲ್ಲದುದೇನಲ್ಲ.

ಸೊರಾಫೆನಿಬ್ ಎಂಬುದು ಮೂತ್ರಪಿಂಡ ಮತ್ತು ಯಕೃತ್ತುಗಳ ಅರ್ಬುದರೋಗಕ್ಕೆ ಕೊಡುವ ಔಷಧ. ಪೇಟೆಂಟಿನ ಒಡೆತನವುಳ್ಳ ಬೇಯರ್ ಸಂಸ್ಥೆಯು ಅದಕ್ಕೆ ತಿಂಗಳಿಗೆ ಸುಮಾರು 2,80,000 ರೂಪಾಯಿ ಬೆಲೆಯಿಟ್ಟಿತ್ತು. 2012ರಲ್ಲಿ ಭಾರತದ ಪೇಟೆಂಟು ಅಧಿಕಾರಿಯು ಅದನ್ನೇ 8,880 ರೂಪಾಯಿಗೆ ಮಾರಲು ಹೈದರಾಬಾದಿನ ನ್ಯಾಟ್ಕೋ ಸಂಸ್ಥೆಗೆ ಅನುಮತಿಯಿತ್ತು, ಒಡೆಯರಿಗೆ ಶೇಕಡಾ 6ರ ರಾಯಧನವನ್ನು ಗೊತ್ತುಮಾಡಿದನು. ತೀರ್ಪು ನ್ಯಾಯವಾದುದೇ. ಆದರೆ ಸಂಶೋಧನೆಯ ವೆಚ್ಚವನ್ನು ರೋಗಿಯ ಕೈಯಿಂದಲೇ ವಸೂಲು ಮಾಡುವ ಪದ್ಧತಿಯು ಅದರಿಂದ ಬದಲಾಗಲಿಲ್ಲ.

ಈ ಪದ್ಧತಿಯೊಂದೇ ಗತಿಯೆಂಬವರು ಮದರಾಸಿನ ವೃತ್ತಾಂತವನ್ನು ನೋಡಬೇಕು. ಐಸೋನಿಯಾಜಿಡ್ ಎಂಬ ವಸ್ತುವನ್ನು ರಸಾಯನಶಾಸ್ತ್ರಜ್ಞರು 1912ರಲ್ಲಿಯೇ ತಯಾರಿಸಿದ್ದರೂ ಅದು ಕ್ಷಯಕ್ಕೆ ಮದ್ದೆಂದು ತಿಳಿದುದು 1952ರಲ್ಲಿ. ಹಳೆಯ ವಸ್ತುವಾದುದರಿಂದ ಅದರ ಮೇಲೆ ಯಾರ ಏಕಸ್ವಾಮ್ಯವೂ ಸಲ್ಲಲಿಲ್ಲ, ಬೆಲೆ ಅಗ್ಗವಾಯಿತು. ಮದ್ದೇನೋ ದೊರೆಯಿತು, ಕ್ಷಯಾರೋಗ್ಯಧಾಮದ ಮಂಚಗಳೆಲ್ಲಿ? ಒಳ್ಳೆಯ ಗಾಳಿ, ಪುಷ್ಟಿಯಾದ ಆಹಾರ, ದೀರ್ಘ ವಿಶ್ರಾಂತಿಗಳಿಲ್ಲದೆ ಕ್ಷಯವು ವಾಸಿಯಾಗದೆಂಬುದು ಅಂದಿನ ನಂಬಿಕೆ. 1956ರಲ್ಲಿ ಭಾರತದ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಗಳೂ ಮದರಾಸು ಸರಕಾರವೂ ವಿಶ್ವ ಆರೋಗ್ಯ ಸಂಸ್ಥೆಯೂ ಕೂಡಿ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದುವು. ಕೆಲವು ರೋಗಿಗಳಿಗೆ ಆರೋಗ್ಯಧಾಮದಲ್ಲಿ, ಉಳಿದವರಿಗೆ ಅವರ ಮನೆಗಳಲ್ಲಿಯೇ, ಒಂದು ವರ್ಷ ಒಂದೇ ಬಗೆಯ ಔಷಧಗಳನ್ನು ಕೊಡಲಾಯಿತು. 1959ರಲ್ಲಿ ಫಲಿತಾಂಶವು ಪ್ರಕಟವಾಯಿತು: ಇಕ್ಕಟ್ಟಾದ ಮನೆಗಳಲ್ಲಿ, ಸಾಲದ ಊಟದಲ್ಲಿ ಇದ್ದವರೂ ಬಹುಮಟ್ಟಿಗೆ ಅಷ್ಟೇ ಗುಣ ಹೊಂದಿದ್ದರು, ಅವರ ಮನೆಯವರಿಗೆ ರೋಗವು ಹೆಚ್ಚಾಗಿ ತಗಲಿರಲೂ ಇಲ್ಲ.

ಮಂಚವು ಬೇಡವೆಂಬ ತಿಳಿವನ್ನು ಸೀಸೆಯಲ್ಲಿ ತುಂಬಿ ಮಾರಲಾದೀತೆ? ಇಂತಹ ಶೋಧಕ್ಕೆ ಯಾವ ವರ್ತಕನೂ ಹಣ ಹಾಕನು. ಹಾಕದಿದ್ದರೆ ಅವನದು ತಪ್ಪೂ ಅಲ್ಲ. ಸಾರ್ವಜನಿಕ ಬೊಕ್ಕಸವೇ ಅದನ್ನು ಹೊರಬೇಕು.

ಹತ್ತು ಪ್ರಯೋಗಗಳಲ್ಲಿ ಹಲವು ವ್ಯರ್ಥವಾಗುವುವು, ಪ್ರಜೆಗಳ ತೆರಿಗೆ ಪೋಲಾಗುವುದೆಂದು ಮಿತವ್ಯಯಿಗಳು ಹೇಳಬಹುದು. ವ್ಯರ್ಥವಾದ ಪ್ರಯೋಗಗಳ ವೆಚ್ಚವನ್ನು ಇಂದೂ ಯಾರೋ ತೆರುತ್ತಲೇ ಇದ್ದಾರೆ. ಗದ್ದೆಯನ್ನು ಒತ್ತೆಯಿಟ್ಟು ಮದ್ದು ಕೊಳ್ಳುವ ರೋಗಿಯೇ ಅವನು. ಎಲ್ಲರೂ ಸ್ವಲ್ಪಸ್ವಲ್ಪವಾಗಿ ಹೊರಬಹುದಾದ ಭಾರವನ್ನು ಅವನೊಬ್ಬನ ತಲೆಯ ಮೇಲಿಡಲು ಸಮರ್ಥನೆಯೇನು? ಬೊಕ್ಕಸದ ಹಣದಿಂದ ಕಂಡುಹಿಡಿದ ಮದ್ದನ್ನು ತಯಾರಿಕೆಗೆ ವಹಿಸುವಾಗ ಮಾರುವ ಬೆಲೆಯ ಮಿತಿಯನ್ನೂ ಕರಾರಿನಲ್ಲಿ ಬರೆಯಿಸುವುದು ಸರಕಾರಕ್ಕೆ ಅಸಾಧ್ಯವಾದ ಕೆಲಸವಲ್ಲ.