ಆರಾಮ ಅದ

ತಾಳ್ಮೆಯನ್ನು ಹೊಗಳುವುದರಲ್ಲಿ ನಮ್ಮ ಕವಿಗಳದೂ ಅಜ್ಜಿಯರದೂ ಒಂದೇ ಮಾತು. ಕನ್ನಡ ಅಧ್ಯಾಪಕನಾದ ನಾನೂ ಹುಡುಗರಿಗೆ ಅದನ್ನೇ ಹೇಳುತ್ತ ಬಂದವನು. ಬಳಿಚಕ್ರದ ನಮ್ಮ ಚಿಗವ್ವನ ಕೊರಳನ್ನು ನೋಡಿದಂದಿನಿಂದ ಆ ಪಾಠ ಮೊದಲಿನಷ್ಟು ಸಲೀಸಾಗಿ ಬಾಯಿಗೆ ಬರುತ್ತಿಲ್ಲ.

ಅವಳಿಗೆ ಬಾಯಿಯ ಕ್ಯಾನ್ಸರ್. ಕಲಬುರಗಿಯಲ್ಲಿ ವಾರಕ್ಕೆ ಐದು ದಿನದಂತೆ ಆರು ವಾರ ಕಿರಣ ಚಿಕಿತ್ಸೆ. ಮೂರನೆಯ ವಾರದಿಂದಲೇ ಕೊರಳು ಉರಿಯುತ್ತಿತ್ತಂತೆ. ಯಾರು ಕೇಳಿದರೂ ಅವಳದು ಒಂದೇ ಉತ್ತರ: “ಆರಾಮ ಅದ.” ಯಾದಗಿರಿಯ ರೈಲಿನಲ್ಲಿ ಒಮ್ಮೆ ನನ್ನೆದುರು ನರಳಿದಾಗ, “ಸ್ವಲ್ಪ ತಾಳ್ಕೋ ಚಿಗವ್ವ” ಎಂದವನು ನಾನೇ. ತಾಳಿಕೊಂಡಳು. ಕೊನೆಗೆ ಚರ್ಮ ಸುಲಿದು ನೀರು ಒಸರಿತು. ಚಿಕಿತ್ಸೆಯನ್ನು ನಾಲ್ಕು ದಿನ ನಿಲ್ಲಿಸಬೇಕಾಯಿತು. ಹೀಗೆ ನಡುವೆ ದಿನ ತಪ್ಪಿದರೆ ರೋಗಕ್ಕೆ ಚೇತರಿಸಿಕೊಳ್ಳಲು ಎಡೆ ಸಿಗುತ್ತದೆ.

ಯಾಕೆ ಹೇಳಲಿಲ್ಲವೆಂದರೆ, “ಅವರು ಜೀವಾ ಉಳಸಲಾಕತ್ತಾರ ತಮ್ಮಾ, ಇಷ್ಟಕ್ಕೆಲ್ಲ ಅವರಿಗೆ ತ್ರಾಸ ಕೊಡಬೇಕಾ?” ಎಂದಳು. ಹೇಳಿದರೆ ಚಿಕಿತ್ಸೆ ನಿಲ್ಲಿಸಿಬಿಟ್ಟಾರೆಂಬ ಅಂಜಿಕೆಯೂ ಇತ್ತು.

ಇದನ್ನು ಸಹನೆ ಎನ್ನೋಣವೆ? ಬೇಗ ಬೇಗ ಒಡೆದು ಹೆಚ್ಚುವ ಜೀವಕೋಶಗಳನ್ನು ಕಿರಣ ಕೊಲ್ಲುತ್ತದೆ. ರೋಗದ ಕೋಶ ಅಂಥದು. ಚರ್ಮದ ತಳಪದರದ ಕೋಶವೂ ಅಂಥದೇ. ಆದ್ದರಿಂದ ಸ್ವಲ್ಪ ಸುಡುವುದು ತಪ್ಪದು, ಅದನ್ನು ತಾಳಲೂ ಬೇಕು. ಆದರೆ ವೈದ್ಯರ ಪುಸ್ತಕಗಳಲ್ಲಿ ಈ ಸುಡುವಿಕೆಯ ಮೊದಲ ಗುರುತು ಕೆಂಪು. ನಮ್ಮ ಕಪ್ಪು ಮೈಯಲ್ಲಿ ಆ ಕೆಂಪು ಸುಲಭವಾಗಿ ಕಾಣುವುದಿಲ್ಲ. ಕಣ್ಣು ಕಾಣದ್ದನ್ನು ನಾಲಗೆಯೇ ಹೇಳಬೇಕು. ನಮ್ಮವರ ನಾಲಗೆಗೆ ನಾವು ಕಲಿಸಿದ್ದಾದರೂ ಏನು?

ಬೆಕೆರೆಲ್ ಎಂಬ ಫ್ರೆಂಚ್ ವಿಜ್ಞಾನಿ ರೇಡಿಯಂ ಇದ್ದ ಸಣ್ಣ ಕೊಳವೆಯನ್ನು ಜೇಬಿನಲ್ಲಿಟ್ಟುಕೊಂಡು ಮೈ ಸುಟ್ಟುಕೊಂಡ. ಪಿಯರ್ ಕ್ಯೂರಿ ಬೇಕೆಂದೇ ತನ್ನ ತೋಳಿಗೆ ರೇಡಿಯಂ ತಾಗಿಸಿ, ಗಾಯದ ಬಗೆಯನ್ನು ದಿನದಿನವೂ ಗಮನಿಸಿದ. 1901ರಲ್ಲಿ ಇಬ್ಬರೂ ಕೂಡಿ ಅದನ್ನು ಪ್ರಕಟಿಸಿದರು. ಸುಡುವ ಈ ವಸ್ತುವನ್ನು ರೋಗದ ಮೇಲೆ ತಿರುಗಿಸಬಹುದೆಂಬ ಯೋಚನೆಗೆ ದಾರಿಯಾದದ್ದು ಆ ಗಾಯಗಳೇ. ಅವರೂ ಸಂಕೋಚಪಟ್ಟು ಅಂಗಿಯ ಗುಂಡಿ ಹಾಕಿಕೊಂಡು ಸುಮ್ಮನಿದ್ದಿದ್ದರೆ? ವಿದ್ವಾಂಸನ ಗಾಯ ಪ್ರಬಂಧವಾಗುತ್ತದೆ, ಒಕ್ಕಲಗಿತ್ತಿಯ ಗಾಯ ಕರ್ಮವಾಗುತ್ತದೆ ಎಂದರೆ ಕಟುವಾದೀತೇನೋ, ಆದರೂ ಹಾಗೆನ್ನಿಸಿದ್ದುಂಟು.

ಚಿಕಿತ್ಸೆ ಮುಗಿದು ಕೆಲವು ವಾರಗಳಲ್ಲಿ ಹೊಸ ಚರ್ಮ ಬಂತು. ಬಿಸಿಲಿಗೆ ಮಾತ್ರ ಕೊರಳನ್ನು ಒಡ್ಡಬಾರದು; ನಮ್ಮ ಸೀಮೆಯ ಬಿಸಿಲಿನಲ್ಲಿ ಅದೇನು ಸಣ್ಣ ಪಥ್ಯವಲ್ಲ.

ಮೊನ್ನೆ ಊರಿಗೆ ಹೋದಾಗ, “ಹೆಂಗದ ಚಿಗವ್ವ?” ಎಂದೆ. “ಆರಾಮ ಅದ” ಎಂದಳು. ಹತ್ತಿರ ಕುಳಿತು ಇನ್ನೊಮ್ಮೆ ಕೇಳಿದೆ.