ಪರೋಪಜೀವಿಗೆ ಪಾಪ ಉಂಟೆ?

'ಪರೋಪಜೀವಿ' ಎಂಬುದು ಜೀವಶಾಸ್ತ್ರದ ಶಬ್ದ. ಆದರೆ ಅದು ಬೈಗುಳವಾಗಿ ಬಳಕೆಯಾಗುವುದೇ ಹೆಚ್ಚು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರನ್ನು ಸಿಟ್ಟಿನ ಗಳಿಗೆಯಲ್ಲಿ ಈ ಹೆಸರಿನಿಂದ ಕರೆಯುವವರು, ನಮ್ಮ ದಿಲ್ಲಿಯೂ ಸೇರಿದಂತೆ, ಎಲ್ಲ ಮಹಾನಗರಗಳಲ್ಲೂ ಸಿಗುತ್ತಾರೆ. ಮನುಷ್ಯರಿಗೆ ಈ ಹೆಸರನ್ನು ಅಂಟಿಸುವ ಮೊದಲು ನಿಜವಾದ ಪರೋಪಜೀವಿಯೊಂದು ಏನು ಮಾಡುತ್ತದೆ, ಅದು ಮಾಡುವುದನ್ನು ಪಾಪವೆನ್ನಬಹುದೆ ಎಂದು ವಿಚಾರಿಸುವುದು ಒಳ್ಳೆಯದು.

ಮಲೇರಿಯಾ ರೋಗಾಣುವನ್ನೇ ತೆಗೆದುಕೊಳ್ಳೋಣ. ಅದು ಒಂದೇ ಜೀವಕೋಶದ ಜೀವಿ. ರಕ್ತಕಣವನ್ನು ಹೊಗುವ ಹೊತ್ತಿಗೆ ಅದರ ಉದ್ದ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಕೆಂಪು ರಕ್ತಕಣದ ಅಗಲ ಅದರ ಐದಾರು ಪಟ್ಟು. ಈ ಕಣ ತಾನಾಗಿ ಯಾವುದನ್ನೂ ನುಂಗುವಂಥದಲ್ಲ. ರೋಗಾಣು ಅದರ ಮೈಗೆ ತಾಗಿ, ಹೊರಳಿ, ತನ್ನ ಚೂಪು ತುದಿಯನ್ನು ಅದರ ಕಡೆಗೆ ತಿರುಗಿಸುತ್ತದೆ. ಆ ತುದಿಯ ಪುಟ್ಟ ಚೀಲಗಳಿಂದ ಕೆಲವು ಪ್ರೋಟೀನುಗಳನ್ನು ಹೊರಚೆಲ್ಲಿ ಕಣದ ಪೊರೆಯಲ್ಲಿ ನೆಡುತ್ತದೆ. ಬಳಿಕ ತನ್ನ ಮೈಮೇಲಿನ ಬೇರೊಂದು ಪ್ರೋಟೀನಿನಿಂದ ಅವನ್ನು ಬಿಗಿಯಾಗಿ ಹಿಡಿಯುತ್ತದೆ. ಪರರ ಗೋಡೆಗೆ ಗೂಟವನ್ನೂ ತಾನೇ ಹೊಡೆದು, ಆ ಗೂಟವನ್ನೇ ಹಿಡಿದು ಒಳಗೆ ಹೊಕ್ಕ ಹಾಗೆ!

ಒಳಗೆ ಹೋಗುವ ಬಲ ಎಲ್ಲಿಂದ ಬರುತ್ತದೆ? ಜೀವಕೋಶಕ್ಕೂ ಒಂದು ಹಂದರವಿದೆ. ಅದು ಎಲುಬಿನದಲ್ಲ, ಪ್ರೋಟೀನಿನ ಎಳೆಗಳದು. ಟ್ಯೂಬುಲಿನ್ ಕೊಳವೆಗಳು ರೋಗಾಣುವಿಗೆ ಆಕಾರ ಕೊಡುತ್ತವೆ. ಪೊರೆಯ ಅಡಿಯಲ್ಲಿ ಆಕ್ಟಿನ್ ಎಂಬ ಪ್ರೋಟೀನಿನ ಮೋಟು ಎಳೆಗಳಿವೆ. ಬಾವಿಯ ಹಗ್ಗ ಜಗ್ಗುವ ಕೈಯಂತೆ ಮಯೋಸಿನ್ ಎಂಬ ಇನ್ನೊಂದು ಪ್ರೋಟೀನು ಆ ಎಳೆಗಳನ್ನು ಹಿಂದಕ್ಕೆ ಜಗ್ಗುತ್ತದೆ. ಎಳೆಗಳು ಗೂಟಕ್ಕೆ ಕಟ್ಟಿಕೊಂಡಿರುವುದರಿಂದ ರೋಗಾಣುವೇ ಮುಂದಕ್ಕೆ ಸರಿಯುತ್ತದೆ. ಹೆಚ್ಚು ಕಡಿಮೆ ಒಂದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಮುಂದಿನ ಎರಡು ದಿನಗಳಲ್ಲಿ ಅದು ಒಂದಿದ್ದದ್ದು ಹತ್ತಿಪ್ಪತ್ತಾಗಿ, ಕಣವನ್ನು ಒಡೆದು ಹೊರಬೀಳುತ್ತದೆ. ಚಳಿಜ್ವರ ಏರುವುದು ಆಗಲೇ.

ಇಲ್ಲಿ ಪಾಪವನ್ನು ಯಾರ ಮೇಲೆ ಹೊರಿಸಬೇಕು? ಆ ಯಂತ್ರದ ಮೇಲೆಯೆ? ಆಕ್ಟಿನ್ ಮೊದಲು ಪತ್ತೆಯಾದದ್ದು ರೋಗಾಣುವಿನಲ್ಲಲ್ಲ. 1942ರ ಸುಮಾರಿಗೆ ಹಂಗೆರಿಯಲ್ಲಿ, ಸ್ನಾಯುವಿನಲ್ಲಿ. ರೋಗಾಣುವಿನ ಆಕ್ಟಿನ್ ಐದರಲ್ಲಿ ನಾಲ್ಕು ಪಾಲು ನಮ್ಮದರ ಹಾಗೆಯೇ ಇದೆ. ತೊಟ್ಟಿಲ ಮಗು ತಾಯಿಯ ಬೆರಳನ್ನು ಹಿಡಿಯುವುದೂ, ನಮ್ಮ ಬಿಳಿ ರಕ್ತಕಣ ರೋಗಾಣುವನ್ನು ಬೆನ್ನಟ್ಟುವುದೂ ಆಕ್ಟಿನ್ ಬಲದಿಂದಲೇ. ಆದ್ದರಿಂದ ಶಕ್ತಿಗೆ ಪಾಪವಿಲ್ಲ.

ರೋಗಾಣುವಿನ ಮೇಲೆ ಹೊರಿಸೋಣವೆ? ಅದಕ್ಕೆ ಮಿದುಳಿಲ್ಲ, ನರವಿಲ್ಲ. ರಕ್ತಕಣದ ಹೊರಗೇ ಉಳಿದರೆ ಕೆಲವೇ ನಿಮಿಷಗಳಲ್ಲಿ ಅದು ಹೊಗುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಬೇರೆ ದಾರಿ ಇಲ್ಲದ ಜೀವಕ್ಕೆ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ಆದರೂ 2023ರಲ್ಲಿ ಜಗತ್ತಿನಲ್ಲಿ ಮಲೇರಿಯಾದಿಂದ ಸತ್ತವರು ಸುಮಾರು 5,97,000 ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಹೆಚ್ಚಿನವರು ಆಫ್ರಿಕದ, ಐದು ವರ್ಷ ತುಂಬದ ಮಕ್ಕಳು.

ಹಾಗಾದರೆ ತಪ್ಪೇ ಇಲ್ಲದ ಜೀವಿಯನ್ನು ಕೊಲ್ಲಲು ನಮಗೇನು ಹಕ್ಕು? ಪ್ರಶ್ನೆ ಹಳೆಯದು. 1883ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ವೈದ್ಯರು ಬೆಂಗಳೂರಿನ ದಂಡಿನಲ್ಲಿದ್ದರು. ತಮ್ಮ ಬಂಗಲೆಯ ಕಿಟಕಿಯಾಚೆಯ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಕಂಡು ನೀರು ಚೆಲ್ಲಿಸಿದಾಗ ಸೊಳ್ಳೆಕಾಟ ತಗ್ಗಿತು. ಅಧಿಕಾರಿಗಳ ಮೆಸ್ಸಿನ ತೊಟ್ಟಿಗಳನ್ನೂ ತೆಗೆಸೋಣವೆಂದರೆ ಅಡ್ಜುಟೆಂಟ್ ಒಪ್ಪಲಿಲ್ಲ. ಸೊಳ್ಳೆಗಳೂ ಯಾವುದೋ ಉದ್ದೇಶಕ್ಕಾಗಿ ಸೃಷ್ಟಿಯಾದವು, ಸಹಿಸಿಕೊಳ್ಳುವುದೇ ನಮ್ಮ ಕರ್ತವ್ಯ ಎಂದು ಆತ ವಾದಿಸಿದನೆಂದು ರಾಸ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಮುಂದೆ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಇದೇ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ಕಂಡರು.

1883ರಲ್ಲಿ ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟು ಯಾರಿಗೂ ತಿಳಿದಿರಲಿಲ್ಲ. ಆದ್ದರಿಂದ ಆ ಅಡ್ಜುಟೆಂಟನ ಮಾತು ಕೇವಲ ಮೊಂಡುತನ. 1897ರ ನಂತರ ಅದೇ ಮಾತನ್ನು ಆಡಿದರೆ ಅದು ದೋಷ. ತೊಟ್ಟಿ ಅದೇ, ಸೊಳ್ಳೆ ಅದೇ. ನಡುವೆ ಬಂದದ್ದು ಅರಿವು. ಪಾಪವೆಂಬುದು ಅರಿವಿನ ಬೆನ್ನಿಗೇ ಹುಟ್ಟುತ್ತದೆ.

ಇನ್ನು ಕೊಲ್ಲುವ ಹಕ್ಕಿನ ಮಾತು. ಶಿಕ್ಷೆ ಬೇರೆ, ರಕ್ಷಣೆ ಬೇರೆ. ಶಿಕ್ಷೆಗೆ ಅಪರಾಧಿ ಬೇಕು. ರಕ್ಷಣೆಗೆ ಅಪಾಯವಿದ್ದರೆ ಸಾಕು. ಹುಲ್ಲಿನ ಬಣವೆಗೆ ಬಿದ್ದ ಬೆಂಕಿಯನ್ನು ಆರಿಸುವವನು ಬೆಂಕಿಯನ್ನು ದ್ವೇಷಿಸುವುದಿಲ್ಲ. ಮಗುವಿನ ರಕ್ತದಿಂದ ರೋಗಾಣುವನ್ನು ತೆಗೆಯುವಾಗಲೂ ದ್ವೇಷ ಬೇಕಿಲ್ಲ. ಆದರೆ ತಡವನ್ನೂ ಮಾಡುವಂತಿಲ್ಲ.

ನಗರಗಳಲ್ಲಿ ಮಲೇರಿಯಾ ಹರಡುವ ಸೊಳ್ಳೆ ಮುಚ್ಚಳವಿಲ್ಲದ ಟ್ಯಾಂಕಿಯಲ್ಲಿ, ಕೂಲರಿನ ನೀರಿನಲ್ಲಿ ಮೊಟ್ಟೆಯಿಡುತ್ತದೆ. ವಾರಕ್ಕೊಮ್ಮೆ ಕೂಲರಿನ ನೀರು ಚೆಲ್ಲಿ ಒಣಗಿಸಿದರೆ ಅಲ್ಲಿ ಮರಿಗಳು ರೆಕ್ಕೆ ಬಲಿತು ಹಾರಲಾರವು. ಪಕ್ಕದ ಕ್ವಾರ್ಟರ್ಸಿನವರು ರಜೆಗೆ ಊರಿಗೆ ಹೋಗಿ, ಅವರ ಕೂಲರಿನಲ್ಲಿ ನೀರು ನಿಂತಿದ್ದರೆ ಅದು ಯಾರ ಕೆಲಸ? ಕಚೇರಿಯಲ್ಲಾದರೆ 'ಈ ಸೆಕ್ಷನ್ನಿಗೆ ಸಂಬಂಧಿಸಿದ್ದಲ್ಲ' ಎಂದು ಬರೆದು ಕಡತವನ್ನು ಮುಂದಕ್ಕೆ ಕಳಿಸಬಹುದು. ತಿಳಿದ ಮೇಲೆ ಧರ್ಮವನ್ನು ಹಾಗೆ ಕಳಿಸಲು ಬರುವುದಿಲ್ಲ.

ಮನುಷ್ಯನನ್ನು ಪರೋಪಜೀವಿ ಎನ್ನುವುದರ ಅಪಾಯವೂ ಇಲ್ಲಿಯೇ ಇದೆ. ರೋಗಾಣುವನ್ನು ವಿಚಾರಣೆ ಇಲ್ಲದೆ ತೆಗೆದುಹಾಕುತ್ತೇವೆ, ಏಕೆಂದರೆ ಅದಕ್ಕೆ ಹೇಳಿಕೊಳ್ಳುವುದೇನೂ ಇಲ್ಲ. ಮನುಷ್ಯನಿಗೆ ಇದೆ, ಅವನಿಗೆ ಅರಿವಿದೆ, ಆಯ್ಕೆಯಿದೆ, ಬಾಯಿಯಿದೆ. ಅವನು ತಪ್ಪು ಮಾಡಿದ್ದರೆ ಕೇಳಿ, ವಿಚಾರಿಸಿ, ನ್ಯಾಯವಾಗಿ ಶಿಕ್ಷಿಸಬಹುದು. ಆದರೆ ಆ ಹೆಸರನ್ನು ಅಂಟಿಸಿದೊಡನೆ ನಾವು ಕೇಳುವುದನ್ನೇ ಬಿಡುತ್ತೇವೆ. ಹಾಗೆ ಬಿಟ್ಟವರಿಗೆ, ರೋಗಾಣುವಿಗಿರುವಂತೆ, ಬೇರೆ ದಾರಿ ಇರಲಿಲ್ಲವೆಂದು ಹೇಳಿಕೊಳ್ಳಲು ಬರುವುದಿಲ್ಲ.