ಅಂಗಾಲಿನ ಹಳದಿ

ಕಾವಿಗೆ ಕೂರಿಸಿದ ಇಪ್ಪತ್ತನೇ ದಿನದ ರಾತ್ರಿ ನನಗೆ ನಿದ್ದೆ ಹತ್ತುವುದಿಲ್ಲ. ಹನ್ನೆರಡು ವರ್ಷದಿಂದ ಹಿತ್ತಲಲ್ಲಿ ಕೋಳಿ ಸಾಕಿಕೊಂಡು ಬಂದಿದ್ದೇನೆ, ಎಷ್ಟು ಸಲ ಮರಿ ಮಾಡಿಸಿದ್ದೇನೋ ಲೆಕ್ಕವಿಲ್ಲ. ಆದರೂ ಆ ರಾತ್ರಿ ಎದ್ದೆದ್ದು ಹೋಗಿ ಮಂಕರಿಯ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತೇನೆ. ಕಿವಿಗೊಟ್ಟರೆ ಚಿಪ್ಪಿನ ಒಳಗಿಂದಲೇ ಚಿಂವ್ ಅನ್ನುವ ದನಿ. ಚಿಪ್ಪು ಇನ್ನೂ ಬಿರುಕು ಬಿಟ್ಟಿರುವುದಿಲ್ಲ. ಮೇಲೆ ಕೂತ ಹೇಂಟೆ ಗಂಟಲಲ್ಲೇ ಕೊರ್ ಕೊರ್ ಎಂದು ಅದಕ್ಕೆ ಉತ್ತರ ಕೊಡುತ್ತದೆ. ಹುಟ್ಟುವ ಮುಂಚೆಯೇ ತಾಯಿ ಮಕ್ಕಳ ಮಾತುಕತೆ ಶುರುವಾಗಿಬಿಟ್ಟಿರುತ್ತದೆ. ಮೊಟ್ಟೆಗಳ ನಡುವೆ ಅವ್ವ ಇಟ್ಟ ಕಬ್ಬಿಣದ ಮೊಳೆ, ಎರಡು ಇದ್ದಿಲ ಚೂರು. ಗುಡುಗಿಗೆ ಮೊಟ್ಟೆ ಕೆಡದಿರಲಿ ಅಂತ. ಅವನ್ನು ನಾನು ಯಾವತ್ತೂ ತೆಗೆದಿಲ್ಲ.

ನಮ್ಮ ಮನೆ ಇರುವುದು ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ. ಬಣ್ಣದ ಕೋಳಿಯ ಹುಚ್ಚು ಹತ್ತಿದ್ದು ಹನೂರು ಸಂತೆಯಲ್ಲಿ. ಒಬ್ಬ ಅಜ್ಜಿ ಬಿದಿರು ಮಂಕರಿಯಲ್ಲಿ ಆರು ಮರಿ ಇಟ್ಟುಕೊಂಡು ಕೂತಿದ್ದರು. ಐದು ಮರಿ ಕೆಂಪು, ಕಪ್ಪು. ಒಂದು ಮಾತ್ರ ಒಲೆಯ ಬೂದಿಗೆ ಒಂದು ಹನಿ ನೀಲಿ ಕಲಸಿದ ಹಾಗಿತ್ತು. ನಾನು ಅದನ್ನೇ ಎತ್ತಿಕೊಂಡೆ. "ಅದ್ಯಾಕ ಮಗ ಆ ಮಂಕ್ ಬಣ್ಣುದ್ದು? ಈ ಕೆಂದ ನೋಡು, ಬೆಂಕಿ ಹಂಗದ" ಅಂದರು ಅಜ್ಜಿ. ಬಸ್ಸಿನಲ್ಲಿ ಮರಿ ನನ್ನ ಅಂಗೈಯಲ್ಲೇ ನಿದ್ದೆ ಹೋಯಿತು. ಕೊಳ್ಳೇಗಾಲ ಬರುವವರೆಗೂ ಅದರ ಬೆನ್ನನ್ನೇ ನೋಡುತ್ತಾ ಬಂದೆ. ಬಿಸಿಲು ಬಿದ್ದಾಗ ಒಂದು ಬಣ್ಣ, ಮರದ ನೆರಳಲ್ಲಿ ಇನ್ನೊಂದು.

ಕೋಳಿಯ ಬಣ್ಣ ನೋಡುವುದು ನಮಗೆ ಹೊಸದಲ್ಲ. ಮಾರಿಗೆ ಹರಕೆ ಹೊತ್ತವರು ಒಂದು ಬಿಳಿ ಗರಿಯೂ ಇಲ್ಲದ ಕರಿ ಹುಂಜಕ್ಕಾಗಿ ಊರೂರು ಅಲೆದದ್ದನ್ನು ನೋಡಿಕೊಂಡೇ ಬೆಳೆದೆ. ತುಳುನಾಡಿನಲ್ಲಂತೂ ಹುಂಜದ ಬಣ್ಣಕ್ಕೂ ದಿನಕ್ಕೂ ತಾಳೆ ಹಾಕುವ ಕುಕ್ಕುಟ ಪಂಚಾಂಗವೇ ಇದೆ, ಬಣ್ಣಕ್ಕೊಂದು ಹೆಸರು. ಈಗ ಬಣ್ಣ ಹುಡುಕುವವರು ಫೋನಿನಲ್ಲಿ ಬರುತ್ತಾರೆ. ಮೈಸೂರು, ಬೆಂಗಳೂರಿನಿಂದ ಫೋನು ಮಾಡಿ ರೇಷ್ಮೆಯಂಥ ಗರಿಯ ಸಿಲ್ಕಿ ಇದೆಯಾ, ಮೂಳೆವರೆಗೂ ಕಪ್ಪಾದ ಕಡಕನಾಥ್ ಇದೆಯಾ ಎಂದು ಕೇಳುತ್ತಾರೆ. ನನ್ನಲ್ಲಿ ಬೂದಿ ಕೋಳಿ ಅಷ್ಟೇ. ವರ್ಷಕ್ಕೆ ಹದಿನೈದು ಇಪ್ಪತ್ತು ಮರಿ ಕೊಡುತ್ತೇನೆ. ಬಂದ ದುಡ್ಡು ಕಾಳಿಗೆ, ಕೊಕ್ಕರೆ ರೋಗದ ಲಸಿಕೆಗೆ ಸರಿಹೋಗುತ್ತದೆ. ಮರಿ ಕೊಂಡವರು ಅದನ್ನು ಎತ್ತಿಕೊಂಡಾಗ ಅವರ ಮುಖದಲ್ಲಿ ಬರುವ ಕಳೆಗಾಗಿಯೇ ನಾನು ಮಾರುತ್ತೇನೆ ಅಂದರೂ ತಪ್ಪಿಲ್ಲ.

ಮೊದಮೊದಲು ಈ ಬಣ್ಣ ನನ್ನನ್ನು ತುಂಬ ಕಾಡಿಸಿತು. ಎರಡು ವರ್ಷ ಹುಡುಕಿ ಒಂದು ಬೂದಿ ಹುಂಜ ತಂದು ಜೋಡಿ ಮಾಡಿದೆ. ಹನ್ನೆರಡು ಮರಿಯಲ್ಲಿ ಏಳು ಬೂದಿ, ಮೂರು ಕಪ್ಪು, ಎರಡು ಬಿಳಿ. ಬಿಳಿಯ ಮೇಲೆ ಅಲ್ಲಲ್ಲಿ ಮಸಿ ಚೆಲ್ಲಿದ ಹಾಗೆ ಕಲೆ. ಆ ವರ್ಷ ಕೊಳ್ಳೇಗಾಲದ ಒಬ್ಬರು ಬೂದಿ ಜೋಡಿ ಕೊಂಡುಹೋದರು. ಐದಾರು ತಿಂಗಳಿಗೆ ತಿರುಗಿ ಬಂದರು. "ಇದ್ಯಾನ ಸಾ, ಬೂದಿ ಅಂತ ಕೊಟ್ರಿ, ಮರಿ ನೋಡುದ್ರ ಕರ್ರಗವ" ಅಂದರು. ಮೋಸ ಮಾಡಿದೆ ಅನ್ನುವ ನೋಟ. ನನ್ನ ಬಳಿ ಉತ್ತರವಿರಲಿಲ್ಲ. ಆ ಮೇಲೆಯೇ ಓದಲು ಕೂತದ್ದು.

ಬಟಾಣಿ ಗಿಡದಲ್ಲಿ ಮೆಂಡೆಲ್ 1865ರಲ್ಲಿ ಹೇಳಿದ ಲೆಕ್ಕ ಪ್ರಾಣಿಗಳಿಗೂ ಹೊಂದುತ್ತದೆಂದು ಇಂಗ್ಲೆಂಡಿನ ವಿಲಿಯಂ ಬೇಟ್ಸನ್ 1902ರಲ್ಲಿ ತೋರಿಸಿದ್ದು ಕೋಳಿಗಳ ಮೇಲೆಯೇ ಅಂತೆ. ನಾಲ್ಕು ವರ್ಷದ ಮೇಲೆ ಜಪಾನಿನ ತೋಯಾಮ ಕಮೆತಾರೊ ರೇಷ್ಮೆ ಹುಳುವಿನಲ್ಲಿ ಅದನ್ನೇ ಕಂಡರು. ರೇಷ್ಮೆ ಸಾಕುವ ನಮ್ಮ ಸೀಮೆಯವನಿಗೆ ಇದು ಮನೆಯ ಸುದ್ದಿ ಕೇಳಿದ ಹಾಗಾಯಿತು. ಆಂಡಲೂಸಿಯನ್ ಎಂಬ ನೀಲಿಬೂದಿ ಕೋಳಿಯ ಗುಟ್ಟೂ ಅದೇ ಕಾಲದಲ್ಲಿ ಬಿಡಿಸಿಕೊಂಡಿತು. ಕಪ್ಪನ್ನು ತಿಳಿಮಾಡುವ ಗುಣವೊಂದಿದೆ. ಅದು ತಂದೆ ತಾಯಿ ಇಬ್ಬರಿಂದಲೂ ಬಂದರೆ ಮರಿ ಬಿಳಿ, ಮಸಿ ಕಲೆ. ಒಬ್ಬರಿಂದ ಮಾತ್ರ ಬಂದರೆ ಬೂದಿ. ಯಾರಿಂದಲೂ ಬರದಿದ್ದರೆ ಕಪ್ಪು. ಹಾಗಾಗಿ ಬೂದಿಗೆ ಬೂದಿ ಕೂಡಿಸಿದರೆ ಸರಿಸುಮಾರು ಅರ್ಧದಷ್ಟೇ ಬೂದಿ. ಎಷ್ಟು ತಲೆಮಾರು ಹೀಗೇ ನಡೆಸಿದರೂ ಆ ಬಣ್ಣ ನಿಲ್ಲುವುದಿಲ್ಲ. ಆದರೆ ಯಾರೂ ಕೇಳದ ಕಪ್ಪನ್ನೂ, ಯಾರೂ ಕೊಳ್ಳದ ಆ ಕಲೆಯ ಬಿಳಿಯನ್ನೂ ಕೂಡಿಸಿ ನೋಡಿ.

ಆ ಕೊಳ್ಳೇಗಾಲದವರನ್ನು ಕರೆಸಿ, ಅವರ ಕರಿ ಹೇಂಟೆಗೆ ನನ್ನ ಕಲೆ ಹುಂಜವನ್ನು ಬಿಟ್ಟೆ. ಒಂಬತ್ತು ಮರಿ ಬಂದವು. ಒಂಬತ್ತೂ ಬೂದಿ. ಅವರು ಮಂಕರಿಯ ಮುಂದೆ ಕೂತವರು ಬಹಳ ಹೊತ್ತು ಮಾತಾಡಲಿಲ್ಲ. ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ಮತ್ತೆ ಇಟ್ಟರು. ಲೆಕ್ಕ ಮೊದಲೇ ಗೊತ್ತಿದ್ದ ನನಗೂ ಎದೆ ಹೊಡೆದುಕೊಳ್ಳುತ್ತಿತ್ತು. ಗೊತ್ತಾದ ಮೇಲೆ ಬೆರಗು ಹೋಗುತ್ತದೆ ಅನ್ನುವವರಿದ್ದಾರೆ. ನನಗೆ ಹಾಗಾಗಿಲ್ಲ.

ಇಷ್ಟಾದರೂ ನನ್ನ ಕಣ್ಣು ಗರಿಯ ಮೇಲೆಯೇ ಇತ್ತು. ಕೆಳಗೆ ನೋಡುವುದನ್ನು ಕಲಿಸಿದ್ದು ಅವ್ವ. ಸಂತೆಯಲ್ಲಿ ಅವ್ವ ಕೋಳಿಯ ಬಣ್ಣ ನೋಡುವವರಲ್ಲ. ಹಿಡಿದು ಮಗುಚಿ ಕಾಲು ನೋಡುವವರು. "ಕಾಲು ಬೆಳ್ಳಗಾಗದ ನೋಡು. ಚೆಂದಾಗಿ ಮೊಟ್ಟ ಇಕ್ತಾ ಅದ ಕನ ಈ ಯಾಟ" ಅನ್ನುತ್ತಾರೆ. ಹಳದಿ ಕಾಲಿನ ಹೇಂಟೆ ಮೊಟ್ಟೆ ಇಡತೊಡಗಿದರೆ ತಿಂದ ಸೊಪ್ಪು, ಮುಸುಕಿನ ಜೋಳದ ಹಳದಿಯೆಲ್ಲ ಮೊಟ್ಟೆಯ ಭಂಡಾರಕ್ಕೆ ಹೋಗಿಬಿಡುತ್ತದೆ. ಕಣ್ಣಿನ ಸುತ್ತ, ಆಮೇಲೆ ಕೊಕ್ಕು, ಕೊನೆಗೆ ಕಾಲು ಬಿಳಿಚಿಕೊಳ್ಳುತ್ತವೆ. ಮೊಟ್ಟೆ ನಿಲ್ಲಿಸಿದ ಮೇಲೆ ಹಳದಿ ಮತ್ತೆ ಏರುತ್ತದೆ. ಅವ್ವ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಕೋಳಿಯ ವರ್ಷದ ಲೆಕ್ಕವನ್ನು ಕಾಲಲ್ಲೇ ಓದುತ್ತಾರೆ.

ಆ ಹಳದಿ ಎಲ್ಲಿಂದ ಬಂತು? ಊರುಕೋಳಿಗಳೆಲ್ಲ ಕೆಂಪು ಕಾಡುಕೋಳಿಯ ಸಂತತಿ ಎಂದು ಡಾರ್ವಿನ್ ಬರೆದಿದ್ದ. ಅದರ ಚರ್ಮ ಬಿಳಿ. ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾನಿಲಯದವರು 2008ರಲ್ಲಿ ಹಳದಿ ಚರ್ಮದ ಜೀನನ್ನು ಹಿಡಿದು ನೋಡಿದಾಗ ಅದು ಕೆಂಪು ಕಾಡುಕೋಳಿಯದಕ್ಕೆ ಹೊಂದಲಿಲ್ಲ. ಹೊಂದಿದ್ದು ಬೂದು ಕಾಡುಕೋಳಿಗೆ. ಭಾರತದ ಪರ್ಯಾಯ ದ್ವೀಪದಲ್ಲಿ ಬಾಳುವ, ನಮ್ಮ ಬೆಟ್ಟದ ಹಕ್ಕಿಗೆ. ಚರ್ಮದಲ್ಲಿ ಹಳದಿಯನ್ನು ಒಡೆದುಹಾಕುವ ಕೆಲಸ ಆ ಜೀನಿನಿಂದ ತಗ್ಗುತ್ತದೆ, ತಿಂದ ಸೊಪ್ಪಿನ ಹಳದಿ ಕಾಲಲ್ಲೇ ಉಳಿಯುತ್ತದೆ. ಯಾವುದೋ ಕಾಲದಲ್ಲಿ, ಕಾಡಂಚಿನ ಯಾವುದೋ ಹಟ್ಟಿಯಲ್ಲಿ ಕಾಡಿನದೂ ಊರಿನದೂ ಕೂಡಿದ್ದರಿಂದ ಬಂದ ಗುಣ. ತಂದೆ ತಾಯಿ ಇಬ್ಬರೂ ಕೊಟ್ಟರೆ ಮಾತ್ರ ಕಾಣುವಂಥದು, ಇಲ್ಲದಿದ್ದರೆ ತಲೆಮಾರುಗಟ್ಟಲೆ ಅಡಗಿ ಕೂರುತ್ತದೆ. ಇವತ್ತು ಅಮೆರಿಕ, ಯೂರೋಪಿನ ಫಾರಂಗಳಲ್ಲಿರುವ ಮಾಂಸದ ಕೋಳಿ, ಮೊಟ್ಟೆ ಕೋಳಿಗಳಲ್ಲಿ ಬಹುಪಾಲು ಈ ಹಳದಿ ಚರ್ಮದವೇ.

ಇದನ್ನು ಓದಿದ ಮಾರನೇ ದಿನ ಬೆಳಿಗ್ಗೆ ಗಾಡಿ ಹತ್ತಿ ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿ ಬೆಟ್ಟದ ರಸ್ತೆಗೆ ಹೋದೆ. ಮೂರನೇ ತಿರುವಿನಲ್ಲಿ ಸಿಕ್ಕವು, ಒಂದು ಹುಂಜ, ಎರಡು ಹೇಂಟೆ. ಗಾಡಿ ನಿಲ್ಲಿಸಿ ಉಸಿರು ಬಿಗಿಹಿಡಿದೆ. ಹುಂಜದ ಕತ್ತಿನ ಗರಿಗಳಲ್ಲಿ ಅರಗಿನ ಹನಿ ಅಂಟಿಸಿದಂಥ ಹೊಂಬಣ್ಣದ ಚುಕ್ಕಿ. ಕಾಲು ಕೆಂಪು. ಹೇಂಟೆಯೊಂದು ಎಲೆ ಕೆದಕುತ್ತಾ ಕಾಲು ಎತ್ತಿತು. ಹಳದಿ. ಇಷ್ಟು ವರ್ಷ ಇದೇ ರಸ್ತೆಯಲ್ಲಿ ಎಷ್ಟು ಸಲ ಇವನ್ನು ನೋಡಿ ಮುಂದೆ ಹೋಗಿದ್ದೆನೋ. ಅವು ಪೊದೆಗೆ ನುಗ್ಗಿದ ಮೇಲೂ ಸುಮಾರು ಹೊತ್ತು ಅಲ್ಲೇ ನಿಂತಿದ್ದೆ.

ಮನೆಗೆ ಬಂದವನೇ ಬೂದಿ ಹೇಂಟೆಯನ್ನು ಹಿಡಿದೆ. ಅದರ ಕಾಲು ಯಾವಾಗಲೂ ಮಾಸಲು ಹಸಿರು. ಹಳದಿ ಇಲ್ಲವೆಂದೇ ಅಂದುಕೊಂಡಿದ್ದೆ. ಕಂಕುಳಲ್ಲಿ ಅವುಚಿಕೊಂಡು ಪಾದ ಮಗುಚಿದೆ. ಮಣ್ಣು ಮೆತ್ತಿತ್ತು. ಹೆಬ್ಬೆರಳಿನಿಂದ ಒರೆಸಿದೆ. ಬೆರಳುಗಳ ಅಡಿಯ ಮೆತ್ತೆಗಳೆಲ್ಲ ಅರಿಸಿನ ಹಚ್ಚಿದ ಹಾಗೆ ಹಳದಿ! ಮೇಲಿನ ಚರ್ಮದ ಹಳದಿಯ ಕೆಳಗೆ ಕಪ್ಪು ಪದರವೊಂದು ಇರುವುದರಿಂದ ಕಾಲು ಹಸಿರಾಗಿ ಕಾಣುತ್ತದೆ. ಅಂಗಾಲಲ್ಲಿ ಆ ಕಪ್ಪಿಲ್ಲ. ಜನ ಎಂಟುನೂರು ಸಾವಿರ ಕೊಟ್ಟು ಕೊಂಡುಹೋಗುವ ಬಣ್ಣ ಬೆನ್ನ ಮೇಲಿತ್ತು. ಕಾಡಿನ ಗುರುತು ದಿನವಿಡೀ ಮಣ್ಣು ಕೆದಕುತ್ತಾ ಅಂಗಾಲಲ್ಲಿತ್ತು.

ಆಮೇಲಿಂದ ಹಳದಿಯ ಜಾಡು ಎಲ್ಲೆಲ್ಲೂ ಕಾಣತೊಡಗಿತು. ಕೊಳ್ಳೇಗಾಲದ ಕಡೆ ಚಂದ್ರಿಕೆಯ ಮೇಲೆ ಹೊಳೆಯುವ ಹಳದಿ ರೇಷ್ಮೆ ಗೂಡಿನ ಬಣ್ಣವೂ ಹುಳು ಮೇಯ್ದ ಹಿಪ್ಪುನೇರಳೆ ಸೊಪ್ಪಿನದೇ. ಎಲೆ ಹಸಿರಾಗಿ ಕಂಡರೂ ಒಳಗೆ ಹಳದಿ ಹೊತ್ತಿರುತ್ತದೆ. ಹುಳುವಿನ ಹೊಟ್ಟೆ ಸೇರಿದ್ದು ನೂಲಾಗುತ್ತದೆ, ಕೋಳಿಯ ಹೊಟ್ಟೆ ಸೇರಿದ್ದು ಕಾಲಿಗೆ, ಭಂಡಾರಕ್ಕೆ, ಇನ್ನೂ ಒಂದು ಕಡೆಗೆ ಹೋಗುತ್ತದೆ: ಕಣ್ಣಿಗೆ. ಕೋಳಿಯ ಕಣ್ಣಿನಲ್ಲಿ ಬಣ್ಣ ಗುರುತಿಸುವ ಒಂದೊಂದು ಕೋಶದಲ್ಲೂ ಒಂದು ಸಣ್ಣ ಎಣ್ಣೆಯ ಹನಿ ಇದೆ. ಅವುಗಳಲ್ಲಿ ಕೆಂಪು, ಹಳದಿ ಹನಿಗಳಿಗೆ ಬಣ್ಣ ಕಟ್ಟುವುದು ಸೊಪ್ಪು ಕಾಳಿನಿಂದ ಬಂದ ಇದೇ ವಸ್ತು. ಬೆಳಕು ಆ ಹನಿಗಳಲ್ಲಿ ಸೋಸಿಕೊಂಡು ಒಳಗೆ ಹೋಗುತ್ತದೆ. ನಮ್ಮ ಕಣ್ಣು ಮೂರು ಬಗೆಯ ಬಣ್ಣದ ಕೋಶಗಳಲ್ಲಿ ನೋಡಿದರೆ ಕೋಳಿಯದು ನಾಲ್ಕರಲ್ಲಿ. ನೇರಳೆಯ ಆಚೆಗೂ ಒಂದಿಷ್ಟು ಅದಕ್ಕೆ ಕಾಣುತ್ತದೆ. ನಾನು ಬೂದಿ ಅನ್ನುವ ಬಣ್ಣಕ್ಕೆ ಹುಂಜದ ಕಣ್ಣಲ್ಲಿ ಯಾವ ಹೊಳಪಿದೆಯೋ, ನಾನೆಂದೂ ನೋಡಲಾರೆ. ಅವು ಒಂದನ್ನೊಂದು ನೋಡುವಾಗ ಪಕ್ಕದಲ್ಲಿ ಕೂತು ಅವುಗಳ ಕಣ್ಣನ್ನು ನೋಡುತ್ತೇನೆ.

ನಿನ್ನೆ ಮುಂಜಾನೆ ಹತ್ತು ಮೊಟ್ಟೆ ಒಡೆದವು. ಮೊದಲ ಮರಿ ಇನ್ನೂ ಒದ್ದೆ. ಒದ್ದೆ ಮರಿಯ ಬಣ್ಣ ಗೊತ್ತಾಗುವುದಿಲ್ಲ, ಎಲ್ಲವೂ ಒಂದೇ ಮಾಸಲು. ಆರುವವರೆಗೆ ಕಾಯಬೇಕು. ಅಷ್ಟರಲ್ಲಿ ಬೆಂಗಳೂರಿನಿಂದ ಫೋನು ಬಂತು.

"ಬೂದಿ ಎಷ್ಟು ಬಂತು ಸರ್?"

"ಇನ್ನೂ ನೋಡಿಲ್ಲ" ಅಂದೆ. ಮರಿ ನನ್ನ ಅಂಗೈಯಲ್ಲಿ ಅಂಗಾತ ಮಲಗಿ ಕಾಲು ಜಾಡಿಸುತ್ತಿತ್ತು. ಅವ್ವ ಟಾರ್ಚ್ ಹಿಡಿದು ಪಕ್ಕದಲ್ಲಿ ಕೂತಿದ್ದರು.